ರಾಮತೀರ್ಥದ ಕಥೆ ಜಾತ್ರೆಗೆ, ಕುಂಸಿಯ ಕಲ್ಲು ತರಗತಿಗೆ

ಶಿವಮೊಗ್ಗದಿಂದ ಸಾಗರದ ಬಸ್ಸು ಹತ್ತಿದವರಿಗೆ ಆಯನೂರು ದಾಟಿದ ಮೇಲೆ ಕುಂಸಿ ಸಿಗುತ್ತದೆ. ಪ್ರಯಾಣಿಕರು ಅಷ್ಟಾಗಿ ಗಮನಿಸದ ಈ ಊರಿನ ಹೆಸರು ಭೂವಿಜ್ಞಾನಿಗಳಿಗೆ ಮಾತ್ರ ಚೆನ್ನಾಗಿ ಗೊತ್ತು. ಇಲ್ಲಿನ ಬಂಡೆಗಳಲ್ಲಿ ಒಂದರ ಮೇಲೊಂದು ಕೂತ ತೆಳ್ಳನೆಯ ಪದರಗಳ ಗುರುತುಗಳಿವೆ. ಸುಮಾರು 260 ಕೋಟಿ ವರ್ಷಗಳ ಹಿಂದೆ ಇಲ್ಲಿ ಆಳವಿಲ್ಲದ ಸಮುದ್ರವಿತ್ತು. ಬರಿಗಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಅದರ ತಳದಲ್ಲಿ ಹಬ್ಬಿ, ಕೆಸರನ್ನೂ ಸುಣ್ಣವನ್ನೂ ಹಿಡಿದಿಟ್ಟು, ಪದರದ ಮೇಲೆ ಪದರ ಕಟ್ಟಿದವು. ಸ್ಟ್ರೊಮಟೊಲೈಟ್ ಎಂದು ಕರೆಸಿಕೊಳ್ಳುವ ಇಂಥ ಕಲ್ಲುಗಳು ಭೂಮಿಯ ಮೇಲೆ ಜೀವ ಇದ್ದುದಕ್ಕೆ ಸಿಗುವ ಅತಿ ಹಳೆಯ ಸಾಕ್ಷಿಗಳ ಸಾಲಿಗೆ ಸೇರುತ್ತವೆ.

ಅದೇ ಜಿಲ್ಲೆಯ ತೀರ್ಥಹಳ್ಳಿಯಲ್ಲಿ, ತುಂಗೆಯ ಬಂಡೆಗಳ ನಡುವೆ ರಾಮತೀರ್ಥವಿದೆ. ತಂದೆಯ ಆಜ್ಞೆಯಂತೆ ತಾಯಿ ರೇಣುಕೆಯ ತಲೆ ಕಡಿದ ಪರಶುರಾಮನ ಕೊಡಲಿಗೆ ಅಂಟಿದ ರಕ್ತ ಯಾವ ನದಿಯಲ್ಲೂ ಹೋಗಲಿಲ್ಲ, ಇಲ್ಲಿ ಹೋಯಿತು ಎನ್ನುತ್ತದೆ ಸ್ಥಳಪುರಾಣ. ಎಳ್ಳಮಾವಾಸ್ಯೆಯ ಜಾತ್ರೆಗೆ ಸುತ್ತಲಿನ ತಾಲ್ಲೂಕುಗಳ ಜನ ಬಂದು ಈ ನೀರಿನಲ್ಲಿ ಮುಳುಗೇಳುತ್ತಾರೆ.

ಎರಡೂ ಕಲ್ಲುಗಳ ಕಥೆ ಮಲೆನಾಡಿನ ಮಗುವಿಗೆ ಸೇರಿದ್ದು. ಒಂದನ್ನು ಕೇಳಿದ ಮಗುವಿಗೆ ಇನ್ನೊಂದನ್ನು ಹೇಳಬಾರದೆಂದು ಯಾರೂ ಅನ್ನುವುದಿಲ್ಲ. ಯಾವುದನ್ನು ಎಲ್ಲಿ, ಯಾವ ಪುಸ್ತಕದಲ್ಲಿ, ಯಾವ ಮಾಸ್ತರರ ಬಾಯಲ್ಲಿ ಹೇಳಿಸಬೇಕು ಎಂಬಲ್ಲಿ ತಕರಾರು ಶುರುವಾಗುತ್ತದೆ. ಜೀವಿಗಳು ಕಾಲಕ್ರಮದಲ್ಲಿ ಬದಲಾಗುತ್ತ ಬಂದವು ಎನ್ನುವ ವಿಕಾಸವಾದವನ್ನೂ, ದೇವರು ಇದ್ದಹಾಗೇ ಸೃಷ್ಟಿಸಿದ ಎನ್ನುವ ಸೃಷ್ಟಿವಾದವನ್ನೂ ಶಾಲೆಯಲ್ಲಿ ಜೊತೆಗೇ ಕಲಿಸಿ, ಮಕ್ಕಳೇ ಆರಿಸಿಕೊಳ್ಳಲಿ ಎಂಬ ಸಲಹೆ ಕೇಳುವುದಕ್ಕೆ ನ್ಯಾಯವಾಗಿಯೇ ಕಾಣುತ್ತದೆ. ಒಳಹೊಕ್ಕು ನೋಡಿದರೆ ಅದರಲ್ಲಿ ನ್ಯಾಯ ಕಡಿಮೆ.

ಈ ಸಲಹೆ ಹುಟ್ಟಿದ್ದು ಅಮೆರಿಕದಲ್ಲಿ. ಅಲ್ಲಿನ ಟೆನೆಸಿ ರಾಜ್ಯದ ಡೇಟನ್ ಎಂಬ ಊರಿನಲ್ಲಿ 1925ರ ಜುಲೈನಲ್ಲಿ ಜಾನ್ ಸ್ಕೋಪ್ಸ್ ಎಂಬ ಎಳೆಯ ಶಿಕ್ಷಕರ ವಿಚಾರಣೆ ನಡೆಯಿತು. ವಿಕಾಸವಾದ ಕಲಿಸಿದ್ದೇ ಅಪರಾಧ. ದಂಡ 100 ಡಾಲರ್. ವಿಕಾಸವಾದವನ್ನು ನಿಷೇಧಿಸುವ ಕಾನೂನುಗಳು ಸಂವಿಧಾನಕ್ಕೆ ವಿರುದ್ಧವೆಂದು 1968ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ವಿರೋಧದ ದಾರಿ ಬದಲಾಯಿತು. ನಿಷೇಧ ಬೇಡ, ಸಮಪಾಲು ಸಾಕು ಎಂಬ ವಾದ ಬಂತು. ವಿಕಾಸವಾದ ಕಲಿಸುವ ಶಾಲೆ ಸೃಷ್ಟಿವಿಜ್ಞಾನವನ್ನೂ ಕಲಿಸಲೇಬೇಕೆಂದು ಲೂಸಿಯಾನ ರಾಜ್ಯ 1981ರಲ್ಲಿ ಕಾನೂನು ಮಾಡಿತು. 1987ರಲ್ಲಿ ಅದೂ ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋಯಿತು.

ಆಮೇಲೆ ಬಂದದ್ದು ಹೊಸ ಹೆಸರು: ಬುದ್ಧಿವಂತ ವಿನ್ಯಾಸ. ಪೆನ್ಸಿಲ್ವೇನಿಯದ ಡೋವರ್ ಎಂಬಲ್ಲಿನ ಶಾಲಾ ಮಂಡಳಿ ಅದನ್ನು ಜೀವಶಾಸ್ತ್ರದ ತರಗತಿಗೆ ತರಲು ಹೊರಟಾಗ ಹನ್ನೊಂದು ಮಂದಿ ಪೋಷಕರು ನ್ಯಾಯಾಲಯಕ್ಕೆ ಹೋದರು. ಮಂಡಳಿ ಮಕ್ಕಳಿಗೆ ಶಿಫಾರಸು ಮಾಡಿದ್ದ ಪುಸ್ತಕದ ಹಳೆಯ ಕರಡುಗಳು ಕೋರ್ಟಿಗೆ ಬಂದವು. 1987ರ ತೀರ್ಪಿಗೆ ಮೊದಲಿನ ಕರಡುಗಳಲ್ಲಿ ‘ಸೃಷ್ಟಿ’ ಎಂದಿದ್ದ ಜಾಗದಲ್ಲೆಲ್ಲ ತೀರ್ಪಿನ ನಂತರ ‘ವಿನ್ಯಾಸ’ ಬಂದು ಕೂತಿತ್ತು. ಉಳಿದ ವಾಕ್ಯ ಹೆಚ್ಚುಕಡಿಮೆ ಹಾಗೇ ಇತ್ತು. ನ್ಯಾಯಾಧೀಶ ಜಾನ್ ಜೋನ್ಸ್ 2005ರ ಡಿಸೆಂಬರ್ 20ರಂದು ಕೊಟ್ಟ 139 ಪುಟಗಳ ತೀರ್ಪು ಅದನ್ನು ವಿಜ್ಞಾನವೆಂದು ಒಪ್ಪಲಿಲ್ಲ. ಎಂಬತ್ತು ವರ್ಷಗಳ ಈ ಜಗಳದಿಂದ ಕಲಿಯಬಹುದಾದದ್ದು ಒಂದಿದೆ. ಸೃಷ್ಟಿವಾದದ ಪರವಾಗಿ ಹೊಸ ಪಳೆಯುಳಿಕೆಯನ್ನಾಗಲಿ ಹೊಸ ಪ್ರಯೋಗವನ್ನಾಗಲಿ ಯಾರೂ ಕೋರ್ಟಿನ ಮುಂದಿಟ್ಟು ಗೆಲ್ಲಲಿಲ್ಲ. ಬದಲಾದದ್ದು ಅರ್ಜಿಯ ಭಾಷೆಯಷ್ಟೇ.

ಭಾರತದಲ್ಲಿ ಸಮಸ್ಯೆಯ ರೂಪವೇ ಬೇರೆ. ಇಲ್ಲಿ ಸೃಷ್ಟಿಪಾಠವನ್ನು ಸೇರಿಸಿ ಎನ್ನುವ ಕೂಗಿಗಿಂತ ವಿಕಾಸದ ಪಾಠ ಮೆಲ್ಲಗೆ ಜಾರಿಹೋಗುವುದೇ ಹೆಚ್ಚಿನ ಅಪಾಯ. 2018ರ ಜನವರಿಯಲ್ಲಿ ಕೇಂದ್ರದ ಮಾನವ ಸಂಪನ್ಮೂಲ ಖಾತೆಯ ರಾಜ್ಯ ಸಚಿವರಾಗಿದ್ದ ಸತ್ಯಪಾಲ್ ಸಿಂಗ್, ಮಂಗ ಮನುಷ್ಯನಾದದ್ದನ್ನು ಯಾರೂ ಕಂಡಿಲ್ಲ, ಡಾರ್ವಿನ್ ಹೇಳಿದ್ದು ತಪ್ಪು, ಪಠ್ಯ ಬದಲಾಗಬೇಕು ಎಂಬರ್ಥದ ಮಾತಾಡಿದರು. ಸಿ.ವಿ. ರಾಮನ್ ಬೆಂಗಳೂರಿನಲ್ಲಿ ಕಟ್ಟಿದ ಭಾರತೀಯ ವಿಜ್ಞಾನ ಅಕಾಡೆಮಿಯೂ ಸೇರಿ ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಒಟ್ಟಾಗಿ ಹೇಳಿಕೆ ಕೊಟ್ಟು ಅದನ್ನು ಖಂಡಿಸಿದವು. ಮಾತು ಅಲ್ಲಿಗೆ ತಣ್ಣಗಾಯಿತು. ಐದು ವರ್ಷಗಳ ನಂತರ, ಭಾಷಣವೂ ಇಲ್ಲದೆ ವಾದವೂ ಇಲ್ಲದೆ, ಎನ್‌ಸಿಇಆರ್‌ಟಿಯ ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲಿ ‘ಅನುವಂಶೀಯತೆ ಮತ್ತು ಜೀವವಿಕಾಸ’ ಎಂಬ ಅಧ್ಯಾಯ ಬರೀ ‘ಅನುವಂಶೀಯತೆ’ಯಾಯಿತು. ಡಾರ್ವಿನ್, ಪಳೆಯುಳಿಕೆ, ಮಾನವನ ವಿಕಾಸ ಎಲ್ಲವೂ ಹೋದವು. ಕೋವಿಡ್ ಕಾಲದಲ್ಲಿ ಮಕ್ಕಳ ಹೊರೆ ಇಳಿಸುವ ಕ್ರಮವೆಂಬುದು ಕೊಟ್ಟ ಕಾರಣ. 2023ರ ಏಪ್ರಿಲ್‌ನಲ್ಲಿ ಬ್ರೇಕ್‌ಥ್ರೂ ಸೈನ್ಸ್ ಸೊಸೈಟಿ ಹೊರಡಿಸಿದ ಬಹಿರಂಗ ಪತ್ರಕ್ಕೆ 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಸಹಿ ಹಾಕಿದರು.

ಹನ್ನೆರಡನೆಯ ತರಗತಿಯ ಜೀವಶಾಸ್ತ್ರದಲ್ಲಿ ವಿಕಾಸ ಇದ್ದೇ ಇದೆಯಲ್ಲ ಎಂಬ ಸಮಾಧಾನ ಬಂತು. ಈ ಸಮಾಧಾನ ಹೊಸನಗರದ ಮಗುವಿಗೆ ಸಾಲದು. ಎಸ್ಸೆಸ್ಸೆಲ್ಸಿ ಮುಗಿಸಿ ಕಲೆಗೋ ವಾಣಿಜ್ಯಕ್ಕೋ ಐಟಿಐಗೋ ಹೋಗುವ ಹುಡುಗ ಹುಡುಗಿಯರು, ಅಲ್ಲಿಗೇ ಓದು ನಿಲ್ಲಿಸಿ ತೋಟಕ್ಕೋ ಅಂಗಡಿಗೋ ಇಳಿಯುವವರು ಜೀವಶಾಸ್ತ್ರದ ಪುಸ್ತಕವನ್ನು ಮತ್ತೆ ತೆರೆಯುವುದೇ ಇಲ್ಲ. ಹತ್ತನೆಯ ತರಗತಿ ಎಲ್ಲ ಮಕ್ಕಳೂ ಒಟ್ಟಿಗೆ ವಿಜ್ಞಾನ ಓದುವ ಕೊನೆಯ ಮೆಟ್ಟಿಲು. ಕರ್ನಾಟಕ ತನ್ನ ಪ್ರೌಢಶಾಲೆಯ ವಿಜ್ಞಾನಕ್ಕೆ ಎನ್‌ಸಿಇಆರ್‌ಟಿ ಪಠ್ಯವನ್ನೇ ಕನ್ನಡಿಸಿ ಬಳಸುತ್ತ ಬಂದಿದೆ. ದಿಲ್ಲಿಯಲ್ಲಿ ಕತ್ತರಿ ಆಡಿದರೆ ಅದು ತೀರ್ಥಹಳ್ಳಿಯವರೂ ಎಚ್ಚರದಿಂದ ನೋಡಬೇಕಾದ ವಿಷಯ.

ಈಗ ‘ಎರಡನ್ನೂ ಕಲಿಸಿ’ ಎಂಬ ಮಾತಿಗೆ ಮರಳೋಣ. ಎರಡು ಎಂದರೆ ಯಾವ ಎರಡು? ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲ್ಲೂಕುಗಳಲ್ಲೇ ಎಣಿಸತೊಡಗಿದರೆ ಲೆಕ್ಕ ಎರಡಕ್ಕೆ ನಿಲ್ಲುವುದಿಲ್ಲ. ಹೊಸನಗರ ತಾಲ್ಲೂಕಿನಲ್ಲಿ ರಾಮಚಂದ್ರಾಪುರ ಮಠವಿದೆ, ಅದೇ ತಾಲ್ಲೂಕಿನಲ್ಲಿ ಹುಂಚದ ಜೈನ ಮಠವೂ ಇದೆ. ಜೈನ ದರ್ಶನಕ್ಕೆ ಸೃಷ್ಟಿಕರ್ತನೇ ಬೇಡ; ಲೋಕ ಅನಾದಿ, ಅದನ್ನು ಯಾರೂ ಮಾಡಲಿಲ್ಲ ಎನ್ನುತ್ತದೆ ಅದು. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟರ ಕಾಲದಲ್ಲಿ, ಜಿನಸೇನಾಚಾರ್ಯರು ತಮ್ಮ ಮಹಾಪುರಾಣದಲ್ಲಿ ಸೃಷ್ಟಿಕರ್ತನ ಕಲ್ಪನೆಯನ್ನು ತರ್ಕದಿಂದ ಒಂದೊಂದಾಗಿ ಖಂಡಿಸಿದ್ದಾರೆ. ಪಂಪನ ಆದಿಪುರಾಣಕ್ಕೆ ಮೂಲವಾದದ್ದು ಅದೇ ಗ್ರಂಥ. ವೈದಿಕ ಪರಂಪರೆಯೊಳಗೂ ಒಮ್ಮತವಿಲ್ಲ. ಮೀಮಾಂಸಕರು ಜಗತ್ತಿಗೆ ಕರ್ತೃವನ್ನು ಒಪ್ಪಲಿಲ್ಲ, ಸಾಂಖ್ಯರು ಪ್ರಕೃತಿಯ ಪರಿಣಾಮವೆಂದರು, ಅದ್ವೈತಿಗಳು ಇನ್ನೊಂದು ದಾರಿ ಹಿಡಿದರು. ಸಾಗರದ ಕೆಳದಿ, ಇಕ್ಕೇರಿಗಳ ಅರಸರು ನಡೆದದ್ದು ವೀರಶೈವ ದಾರಿ. ಚರ್ಚಿಗೆ ಹೋಗುವವರಿಗೆ ಬೈಬಲಿನ ಆರು ದಿನಗಳ ಸೃಷ್ಟಿ, ಮಸೀದಿಗೆ ಹೋಗುವವರಿಗೆ ಕುರಾನಿನ ಸೃಷ್ಟಿ.

ಇವುಗಳಲ್ಲಿ ಒಂದನ್ನು ವಿಜ್ಞಾನ ಪುಸ್ತಕದಲ್ಲಿ ಅಚ್ಚು ಹಾಕಿಸಿದ ದಿನವೇ ಉಳಿದವರ ಮಕ್ಕಳಿಗೆ ಅವರ ಮನೆಯ ಮಾತು ಸುಳ್ಳೆಂದು ಸರ್ಕಾರ ಹೇಳಿದಂತಾಗುತ್ತದೆ. ಪೂರ್ತಿಯಾಗಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಗಳಲ್ಲಿ ಧಾರ್ಮಿಕ ಬೋಧನೆ ಕೂಡದೆಂದು ಸಂವಿಧಾನದ 28ನೆಯ ವಿಧಿ ಹೇಳಿರುವುದು ಧರ್ಮದ ಮೇಲಿನ ದ್ವೇಷದಿಂದಲ್ಲ. ಒಂದೇ ಬೆಂಚಿನಲ್ಲಿ ಕೂರುವ ಬೇರೆ ಬೇರೆ ಮನೆಗಳ ಮಕ್ಕಳಿಗೆ ಅದು ಕೊಟ್ಟ ರಕ್ಷಣೆ. ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದನ್ನು 51ಎ ವಿಧಿ ಪ್ರಜೆಯ ಕರ್ತವ್ಯಗಳಲ್ಲಿ ಸೇರಿಸಿದೆ. 1976ರಿಂದ ಅದು ಸಂವಿಧಾನದಲ್ಲಿದೆ.

ದಶಾವತಾರವೇ ವಿಕಾಸವಾದ ಎಂಬ ಮಾತೂ ಮಲೆನಾಡಿನಲ್ಲಿ ಆಗಾಗ ಕೇಳಿಬರುತ್ತದೆ. ಮೊದಲು ಮೀನು, ಆಮೇಲೆ ಆಮೆ, ಹಂದಿ, ಅರ್ಧ ಮನುಷ್ಯ, ಕೊನೆಗೆ ಪೂರ್ಣ ಮನುಷ್ಯ. 2019ರ ಜನವರಿಯಲ್ಲಿ ಜಲಂಧರಿನ ವಿಜ್ಞಾನ ಕಾಂಗ್ರೆಸ್ಸಿನಲ್ಲಿ ಆಂಧ್ರ ವಿಶ್ವವಿದ್ಯಾಲಯದ ಕುಲಪತಿಯೊಬ್ಬರು ಇದನ್ನೇ ಹೇಳಿದ್ದರು. ಈ ಹೋಲಿಕೆ ಪುರಾಣದಷ್ಟು ಹಳೆಯದಲ್ಲ. ಡಾರ್ವಿನ್‌ನ ಪುಸ್ತಕ ಬಂದದ್ದು 1859ರಲ್ಲಿ. ಥಿಯಾಸಫಿಯ ಬ್ಲಾವಟ್‌ಸ್ಕಿ ಅವತಾರಗಳನ್ನು ವಿಕಾಸದ ಜೊತೆ ಜೋಡಿಸಿ ಬರೆದದ್ದು 1877ರಲ್ಲಿ. ಅದಕ್ಕೂ ಹಿಂದಿನ ಶತಮಾನಗಳಲ್ಲಿ ಭಕ್ತರು ಮತ್ಸ್ಯಾವತಾರವನ್ನು ಜೀವಶಾಸ್ತ್ರವೆಂದು ಓದಲಿಲ್ಲ, ವೇದಗಳನ್ನು ಉಳಿಸಿದ ಹರಿಯ ಲೀಲೆಯೆಂದು ಓದಿದರು. ತೀರ್ಥಹಳ್ಳಿಯ ಚಿಪ್ಪಲಗುಡ್ಡೆಯಲ್ಲಿ ತುಂಗೆಯ ಮೀನುಗಳಿಗೆ ಮಂಡಕ್ಕಿ ಹಾಕುವವರಲ್ಲಿ ಇಂದಿಗೂ ಇರುವುದು ಆ ಭಾವವೇ. ಆ ಭಕ್ತಿಯಿಂದ ಮೀನುಗಳೂ ಉಳಿದಿವೆ. ಭಕ್ತಿಗೆ ವಿಜ್ಞಾನದ ಪ್ರಮಾಣಪತ್ರ ಬೇಕಾಗಿಲ್ಲ. ಬೇಕೆಂದು ಹೊರಟರೆ ಅದಕ್ಕೇ ಅವಮಾನ. ವಿಕಾಸಕ್ಕೂ ಈ ಹೋಲಿಕೆಯಿಂದ ಅನ್ಯಾಯವಾಗುತ್ತದೆ. ಡಾರ್ವಿನ್ ಕಂಡದ್ದು ಕವಲೊಡೆಯುತ್ತ ಹೋಗುವ ಮರವನ್ನು, ಮನುಷ್ಯನನ್ನು ತುದಿಯಲ್ಲಿ ಕೂರಿಸುವ ಏಣಿಯನ್ನಲ್ಲ.

ಮರವೆಂದಾಗ ನೆನಪಾಗಬೇಕಾದದ್ದು ಶಾಲೆಯಲ್ಲಿ ಮಕ್ಕಳು ಕೇಳುವ, ಎಷ್ಟೋ ಸಲ ಉತ್ತರ ಸಿಗದ ಪ್ರಶ್ನೆ: “ಮಂಗನಿಂದ ಮನುಷ್ಯ ಆದ್ರೆ, ಈಗಿನ ಮಂಗ ಯಾಕೆ ಮನುಷ್ಯ ಆಗ್ತಿಲ್ಲ ಸಾರ್?” ಅಡಿಕೆ ತೋಟಕ್ಕೆ, ಬಾಳೆಗೆ ನುಗ್ಗುವ ಮಂಗಗಳನ್ನು ದಿನವೂ ಓಡಿಸುವ ಮನೆಯ ಮಕ್ಕಳಿಗೆ ಈ ಪ್ರಶ್ನೆ ಬರುವುದು ಸಹಜ. ಉತ್ತರ ಸರಳವಾಗಿದೆ. ತೋಟದ ಮಂಗ ಮನುಷ್ಯನ ಅಜ್ಜನಲ್ಲ, ದೂರದ ದಾಯಾದಿ. ಎರಡೂ ಕವಲುಗಳ ಸಮಾನ ಪೂರ್ವಜರು ಇದ್ದದ್ದು ಸುಮಾರು ಎರಡೂವರೆ ಕೋಟಿ ವರ್ಷಗಳಿಗೂ ಹಿಂದೆ. ಚಿಂಪಾಂಜಿ ಹತ್ತಿರದ ನಂಟ. ಆ ಕವಲು ಒಡೆದು 60-70 ಲಕ್ಷ ವರ್ಷಗಳಾದವು. ಶರಾವತಿ ಕಣಿವೆಯ ಸಿಂಗಳೀಕವೂ ಊರಿನ ಕೋತಿಯೂ ಒಂದೇ ಮನೆತನದವು, ಒಂದು ದಟ್ಟಕಾಡು ಬಿಟ್ಟು ಬರುವುದಿಲ್ಲ, ಇನ್ನೊಂದು ಬಸ್‌ಸ್ಟ್ಯಾಂಡಿನಲ್ಲೂ ಬದುಕುತ್ತದೆ. ಇಷ್ಟು ಹೇಳಿದರೆ ಏಳನೆಯ ತರಗತಿಯ ಮಗುವಿಗೂ ವಿಕಾಸ ಅರ್ಥವಾಗುತ್ತದೆ.

ಈ ಪಾಠಕ್ಕೆ ಮಲೆನಾಡಿಗಿಂತ ಒಳ್ಳೆಯ ಪ್ರಯೋಗಾಲಯ ಸಿಗುವುದು ಕಷ್ಟ. ಅಡಿಕೆ ಮರದಿಂದ ಮರಕ್ಕೆ ತೇಲುವ ಹಾರುವ ಓತಿಯನ್ನು ಕಾಣದ ತೋಟದ ಮಕ್ಕಳು ಕಡಿಮೆ. ಅದರ ರೆಕ್ಕೆ ನಿಜವಾಗಿ ಹೊರಕ್ಕೆ ಚಾಚಿದ ಪಕ್ಕೆಲುಬುಗಳ ಮೇಲೆ ಹರಡಿದ ಚರ್ಮ. ಇದ್ದ ಅಂಗವೇ ಕಾಲಾಂತರದಲ್ಲಿ ಬೇರೆ ಕೆಲಸಕ್ಕೆ ಒದಗುವುದೆಂದರೆ ಏನೆಂದು ಹೇಳಲು ಅದೊಂದೇ ಸಾಕು. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ಪೂರ್ಣಚಂದ್ರ ತೇಜಸ್ವಿ 1980ರಲ್ಲಿ ಪ್ರಕಟವಾದ ‘ಕರ್ವಾಲೊ’ ಕಾದಂಬರಿಯಲ್ಲಿ ಇದೇ ಓತಿಯ ಬೆನ್ನು ಹತ್ತಿಸಿ ಒಂದು ತಲೆಮಾರಿನ ಕನ್ನಡ ಓದುಗರಿಗೆ ವಿಕಾಸದ ರೋಮಾಂಚನ ಮುಟ್ಟಿಸಿದರು. ಪಠ್ಯಪುಸ್ತಕಕ್ಕೆ ಆಗದ ಕೆಲಸ ಅದು. ಸಾಗರದಿಂದ ಹೊನ್ನಾವರದ ಕಡೆ ಇಳಿಯುವ ದಾರಿಯ ಕತ್ತಲೆಕಾನಿನಲ್ಲಿ ಸಿಕ್ಕ ಕುಂಬಾರ ಕಪ್ಪೆಯನ್ನು ವಿಜ್ಞಾನ ಹೊಸ ಪ್ರಭೇದವೆಂದು ಗುರುತಿಸಿದ್ದು 2014ರಲ್ಲಿ. ಗಂಡು ಕಪ್ಪೆ ಹಳ್ಳದ ಮಣ್ಣನ್ನು ಮುಂಗಾಲಿನಲ್ಲಿ ಎತ್ತಿ ಮೊಟ್ಟೆಗಳಿಗೆ ಮೆತ್ತುತ್ತದೆ.

ಆಗುಂಬೆಯ ಕಾಳಿಂಗದ ಕಥೆ ಇನ್ನೂ ಹೊಸದು. 1836ರಲ್ಲಿ ಥಿಯೋಡರ್ ಕ್ಯಾಂಟರ್ ವಿವರಿಸಿದಂದಿನಿಂದ ಭಾರತದಿಂದ ಫಿಲಿಪೀನ್ಸ್‌ವರೆಗಿನ ಕಾಳಿಂಗಸರ್ಪಗಳೆಲ್ಲ ಒಂದೇ ಪ್ರಭೇದವೆಂದು ಎಣಿಸಲಾಗಿತ್ತು. ಆಗುಂಬೆ ಸೀಮೆಯಲ್ಲಿ ವರ್ಷಗಟ್ಟಲೆ ಕಾಳಿಂಗಗಳ ಅಧ್ಯಯನ ಮಾಡಿದ ಪಿ. ಗೌರಿಶಂಕರ್ ಮತ್ತು ಸಂಗಡಿಗರು ವಂಶವಾಹಿಗಳನ್ನೂ ಮೈಮೇಲಿನ ಪಟ್ಟೆಗಳನ್ನೂ ಹೋಲಿಸಿ, ಅವು ನಾಲ್ಕು ಪ್ರಭೇದಗಳೆಂದು 2024ರಲ್ಲಿ ತೋರಿಸಿಕೊಟ್ಟರು. ಪಶ್ಚಿಮಘಟ್ಟದ ಕಾಳಿಂಗದ ಮೈಮೇಲಿನ ಪಟ್ಟೆಗಳು ನಲವತ್ತಕ್ಕಿಂತ ಕಡಿಮೆ. ಉತ್ತರದ ಪ್ರಭೇದಕ್ಕೆ ಐವತ್ತರಿಂದ ಎಪ್ಪತ್ತು. ಘಟ್ಟದ ಕಾಡಿನಲ್ಲಿ ಬೇರೆಯಾಗಿ ಉಳಿದ ಕವಲು ಲಕ್ಷಾಂತರ ವರ್ಷಗಳಲ್ಲಿ ತನ್ನದೇ ದಾರಿ ಹಿಡಿದಿತ್ತು. ಅದಕ್ಕೆ ಇಟ್ಟ ವೈಜ್ಞಾನಿಕ ಹೆಸರು ಒಫಿಯೊಫೇಗಸ್ ಕಾಳಿಂಗ. ಮಲೆನಾಡಿನ ಅಜ್ಜಿಯರ ಬಾಯಲ್ಲಿದ್ದ ಹೆಸರು ಈಗ ಲೋಕದ ಜೀವಶಾಸ್ತ್ರದ ಪಟ್ಟಿಯಲ್ಲಿದೆ. ತೀರ್ಥಹಳ್ಳಿಯ ಪ್ರೌಢಶಾಲೆಯಲ್ಲಿ ಪ್ರಭೇದ ಎಂದರೇನು ಎಂದು ಕಲಿಸುವಾಗ ಇದನ್ನು ಬಿಟ್ಟು ಗ್ಯಾಲಪಗಸ್ ದ್ವೀಪದ ಹಕ್ಕಿಗಳ ಕೊಕ್ಕಿನಿಂದಲೇ ಶುರುಮಾಡಬೇಕಾದ ಕರ್ಮ ಯಾಕೆ?

ಡಾರ್ವಿನ್ ತನ್ನ ಪುಸ್ತಕದ ಮೊದಲ ಅಧ್ಯಾಯವನ್ನು ಸಾಕುಪ್ರಾಣಿಗಳಿಂದ, ಬೆಳೆಗಳಿಂದ ಆರಂಭಿಸಿದ. ಸಾಗರ ಹೊಸನಗರಗಳಲ್ಲಿ ಆ ಅಧ್ಯಾಯವನ್ನು ಅಪ್ಪೆಮಿಡಿಯಿಂದ ಆರಂಭಿಸಬಹುದು. ಹೊಳೆದಂಡೆಯ ಕಾಡುಮಾವಿನ ಮರಗಳಲ್ಲಿ ಪರಿಮಳ, ಹುಳಿ, ಸೊನೆ, ಉಪ್ಪಿನಕಾಯಿಯಲ್ಲಿ ಬಾಳುವ ಗುಣ ನೋಡಿ ಜನ ಆರಿಸಿದರು. ಅನಂತಭಟ್ಟನ ಅಪ್ಪೆ, ಪುರಪ್ಪೆಮನೆ ಅಪ್ಪೆ, ಜೀರಿಗೆ ಅಪ್ಪೆ ಎಂದು ಹೆಸರಿಟ್ಟರು. ಗೊರಟು ಹಾಕಿದರೆ ತಾಯಿಮರದ ಗುಣ ಹಾಗೇ ಬರುವುದಿಲ್ಲವಾದ್ದರಿಂದ ಕಸಿ ಕಟ್ಟಿ ಉಳಿಸಿಕೊಂಡರು. ಜೀವಿಗಳಲ್ಲಿ ವೈವಿಧ್ಯ ಇರುತ್ತದೆ, ಅದು ಪೀಳಿಗೆಗೆ ಸಾಗುತ್ತದೆ, ಆಯ್ಕೆ ನಡೆಯುತ್ತದೆ ಎಂಬ ವಿಕಾಸದ ಮೂರು ಆಧಾರಗಳೂ ಉಪ್ಪಿನಕಾಯಿ ಜಾಡಿಯ ಹಿಂದೆ ಇವೆ. ಆರಿಸುವವನು ಮನುಷ್ಯನಾದರೆ ಅಪ್ಪೆಮಿಡಿ. ಆರಿಸುವುದು ಮಳೆ, ಚಳಿ, ಮೇವು, ರೋಗಗಳಾದರೆ ಕಾಳಿಂಗ, ಕುಂಬಾರ ಕಪ್ಪೆ.

ರೋಗದ ಮಾತು ಬಂದಾಗ ಈ ಚರ್ಚೆ ಪುಸ್ತಕದಾಚೆಗೆ ಬರುತ್ತದೆ. ಸಾಗರದ ನೆರೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತು ಬೀಳತೊಡಗಿದವು, ಹಿಂದೆಯೇ ಮನುಷ್ಯರು ಜ್ವರಕ್ಕೆ ಬಿದ್ದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ನೋಡಿದಾಗ ಉಣುಗುಗಳಿಂದ ಹರಡುವ ಈ ವೈರಸ್ಸು ರಷ್ಯಾದ ಕಾಡುಗಳ ಮಿದುಳು ಜ್ವರದ ವೈರಸ್ಸಿನ ಬಳಗದ್ದೆಂದು ತಿಳಿಯಿತು. ಬಂಧುವಾದ್ದರಿಂದ ಕೆಲಸ ಮಾಡೀತೆಂದು ರಷ್ಯಾದ ಜ್ವರದ ಲಸಿಕೆಯನ್ನೇ ಇಲ್ಲಿ ಕೊಟ್ಟುನೋಡಿದರು. ಅದು ಫಲಕೊಡಲಿಲ್ಲ. ಮೂಲ ಒಂದೇ ಆದರೂ ಕವಲೊಡೆದು ದೂರವಾದ ವೈರಸ್ಸುಗಳು ಬೇರೆಯೇ ಆಗಿರುತ್ತವೆಂಬುದನ್ನು ಮಲೆನಾಡು ತನ್ನ ಮೈಮೇಲೆ ಕಲಿಯಿತು. ಆಮೇಲೆ ಈ ವೈರಸ್ಸಿಗೇ ತಯಾರಿಸಿದ ಲಸಿಕೆ 1990ರ ದಶಕದಿಂದ ಬಳಕೆಯಲ್ಲಿತ್ತು. ಸಾಮರ್ಥ್ಯ ಸಾಲದೆಂದು 2022ರಲ್ಲಿ ಅದೂ ನಿಂತಿತು. ಅದಕ್ಕೂ ಮೊದಲೇ, 2018ರ ಕೊನೆಯಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಕಾಣಿಸಿಕೊಂಡ ಕಾಯಿಲೆ ಹಲವು ಮನೆಗಳನ್ನು ಬರಿದು ಮಾಡಿತ್ತು. ಹೊಸ ಲಸಿಕೆಯ ಕೆಲಸದಲ್ಲಿರುವವರು ಈ ವೈರಸ್ಸಿನ ವಂಶವೃಕ್ಷವನ್ನು ಓದಲೇಬೇಕು, ಕಾಲದಿಂದ ಕಾಲಕ್ಕೆ ಅದು ಬದಲಾದ ಬಗೆಯನ್ನು ನೋಡಲೇಬೇಕು. ಲಸಿಕೆಗಳನ್ನು ಮನುಷ್ಯರಿಗೆ ಕೊಡುವ ಮುನ್ನ ಮಂಗಗಳ ಮೇಲೆ ಪರೀಕ್ಷಿಸುವುದು ಕೂಡ ಮಂಗನಿಗೂ ಮನುಷ್ಯನಿಗೂ ಇರುವ ಆ ಹಳೆಯ ನಂಟನ್ನು ನಂಬಿಯೇ.

ತೋಟದಲ್ಲೂ ಹಾಗೆಯೇ. ಕೊಳೆರೋಗಕ್ಕೆ ಮೈಲುತುತ್ತು ಸುಣ್ಣದ ಬೋರ್ಡೊ ದ್ರಾವಣ ಹೊಡೆಯುವ, ಎಲೆಚುಕ್ಕಿ ರೋಗದಿಂದ ಕಂಗೆಟ್ಟಿರುವ ಹೊಸನಗರ, ತೀರ್ಥಹಳ್ಳಿಯ ಬೆಳೆಗಾರರು ಒಂದೇ ಔಷಧವನ್ನು ಮೇಲಿಂದ ಮೇಲೆ ಬಳಸಿದರೆ ಅದಕ್ಕೆ ಬಗ್ಗದ ಶಿಲೀಂಧ್ರವೇ ಉಳಿದು ಬೆಳೆದೀತು ಎಂಬುದನ್ನು ತಿಳಿದಿರಬೇಕು. ಇದು ಆಯ್ಕೆಯ ನಿಯಮ. ನಾಳೆ ತೋಟ ನೋಡಿಕೊಳ್ಳುವ ಮಗುವಿಗೆ ಈ ತಿಳಿವಳಿಕೆ ಹತ್ತನೆಯ ತರಗತಿಯೊಳಗೇ ಸಿಗಬೇಕು.

ಹಾಗಾದರೆ ಪರಶುರಾಮನ ಕಥೆಯನ್ನು ಶಾಲೆಯಿಂದ ಹೊರಗಿಡಬೇಕೆ? ಖಂಡಿತ ಬೇಡ. ಅದು ಕನ್ನಡ ತರಗತಿಯಲ್ಲಿ ಇರಲಿ, ಇತಿಹಾಸದ ಮೇಷ್ಟ್ರು ಸ್ಥಳಪುರಾಣಗಳು ಹುಟ್ಟುವ ಬಗೆ ಹೇಳಲಿ, ಶಾಲೆಯ ವಾರ್ಷಿಕೋತ್ಸವದಲ್ಲಿ ಯಕ್ಷಗಾನ ಕುಣಿಯಲಿ. ದಶಾವತಾರದ ಆಟಗಳನ್ನು ರಾತ್ರಿಯಿಡೀ ಕೂತು ನೋಡಿದ ಊರುಗಳಿವು. ಹೆಗ್ಗೋಡಿನಂಥ ಹಳ್ಳಿಯಲ್ಲಿ ನೀನಾಸಮ್ ರಂಗಸಂಸ್ಥೆ ಬೆಳೆದದ್ದೂ ಕಥೆಯ ಮೇಲಿನ ಈ ಪ್ರೀತಿಯಿಂದಲೇ. ಕಥೆ ಮನುಷ್ಯನ ಪಶ್ಚಾತ್ತಾಪ, ಆಜ್ಞೆ, ಪಾಪ, ಬಿಡುಗಡೆಗಳ ಬಗ್ಗೆ ಹೇಳುತ್ತದೆ. ಕುಂಸಿಯ ಕಲ್ಲಿನ ವಯಸ್ಸು ಹೇಳುವುದು ಅದರ ಕೆಲಸವಲ್ಲ. ವಿಜ್ಞಾನದ ತರಗತಿಗೆ ಒಂದೇ ನಿಯಮ: ಸಾಕ್ಷಿ ಸಿಕ್ಕಿದರೆ ಬದಲಾಗಲು ಸಿದ್ಧವಿರುವ ಮಾತಿಗೆ ಮಾತ್ರ ಅಲ್ಲಿ ಜಾಗ. 188 ವರ್ಷ ಒಂದೇ ಪ್ರಭೇದವೆಂದು ಬರೆದಿದ್ದನ್ನು ತಿದ್ದಿ ಕಾಳಿಂಗವನ್ನು ನಾಲ್ಕಾಗಿಸಿದ್ದು ಆ ನಿಯಮವೇ. ಸೃಷ್ಟಿವಾದ ಹಾಗೆ ತಿದ್ದಿಸಿಕೊಳ್ಳುವುದಿಲ್ಲ. ಆದ್ದರಿಂದ ಅದನ್ನು ವಿಜ್ಞಾನದ ಪಕ್ಕದಲ್ಲಿ ಸರಿಸಮನಾಗಿ ಕೂರಿಸುವುದು ಮಕ್ಕಳಿಗೆ ಮಾಡುವ ಮೋಸ.

ಭಯ ಇರುವುದು ಇನ್ನೊಂದು ಕಡೆ. ಅಧ್ಯಾಯ ಪುಸ್ತಕದಲ್ಲಿದ್ದರೂ ಕೊನೆಯ ತಿಂಗಳಲ್ಲಿ ಪರೀಕ್ಷೆಯ ಎರಡು ಅಂಕದ ಪ್ರಶ್ನೆಗಾಗಿ ಓಡಿಸಿಬಿಡುವುದು, ಮನೆಯವರು ಏನೆನ್ನುತ್ತಾರೋ ಎಂದು ಮಾನವ ವಿಕಾಸದ ಪುಟವನ್ನು ‘ಮನೆಯಲ್ಲಿ ಓದಿಕೊಳ್ಳಿ’ ಎಂದು ದಾಟಿಸುವುದು ನಡೆದರೆ, ಪಾಠ ಕತ್ತರಿಸಿದ್ದಕ್ಕೂ ಇದಕ್ಕೂ ವ್ಯತ್ಯಾಸ ಉಳಿಯುವುದಿಲ್ಲ.

ಮುಂದಿನ ಸಲ ಕರ್ನಾಟಕದ ವಿಜ್ಞಾನ ಪುಸ್ತಕಗಳ ಪರಿಷ್ಕರಣೆಗೆ ಕೂರುವವರು ಜೀವವಿಕಾಸವನ್ನು ಹತ್ತನೆಯ ತರಗತಿಯಲ್ಲಿ ಪೂರ್ತಿಯಾಗಿ, ಮಾನವನ ವಿಕಾಸವನ್ನೂ ಸೇರಿಸಿ ಇಡಲಿ. ಕುಂಸಿಯ ಕಲ್ಲು, ಆಗುಂಬೆಯ ಕಾಳಿಂಗ, ಕ್ಯಾಸನೂರಿನ ವೈರಸ್ಸು ಅದರಲ್ಲಿ ಬರಲಿ. ಸಾಗರ, ಹೊಸನಗರ, ತೀರ್ಥಹಳ್ಳಿಯ ಪೋಷಕರು ಈ ವರ್ಷವೇ ತಮ್ಮ ಮಕ್ಕಳ ವಿಜ್ಞಾನ ಪುಸ್ತಕ ತೆರೆದು ಆ ಅಧ್ಯಾಯ ಇದೆಯೇ, ಅದನ್ನು ತರಗತಿಯಲ್ಲಿ ಮಾಡಿದರೇ ಎಂದು ನೋಡಲಿ. ಇಲ್ಲವಾದರೆ ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಎದ್ದು ನಿಂತು ಕೇಳಲಿ.